ಸಸ್ಟೇನರ್ ಡ್ರೈವರ್: ದಪ್ಪ ಸ್ಟ್ರಿಂಗ್ ಹೇಗೋ ಹಾಡ್ತದೆ, ಸಣ್ಣದಕ್ಕೆ ಬರೀ ಕೀರಲು

ತುಂಗಾತೀರ (ಶಿವಮೊಗ್ಗ)

ಎಲೆಕ್ಟ್ರಿಕ್ ಗಿಟಾರಿಗೆ ಸಸ್ಟೇನರ್ (ಮೀಟಿದ ಸ್ವರ ಸಾಯದ ಹಾಗೆ ಕಾಂತದಿಂದ ಸ್ಟ್ರಿಂಗನ್ನು ಅಲ್ಲಾಡಿಸ್ತಲೇ ಇರೋ ಸರ್ಕ್ಯೂಟ್) ಕೂರಿಸೋ ಕೆಲಸ ಅರ್ಧಕ್ಕೆ ನಿಂತಿದೆ. ವಿವರ ಕೊಡ್ತೇನೆ, ತಿಳಿದವರು ದಾರಿ ಹೇಳಿ.

ಗಿಟಾರ್: ಮೂರು ಸಿಂಗಲ್ ಕಾಯಿಲ್ ಪಿಕಪ್ (ಸ್ಟ್ರಿಂಗಿನ ಕಂಪನವನ್ನು ಸಿಗ್ನಲ್ ಮಾಡೋದು), ಸ್ಕೇಲ್ 648 ಮಿ.ಮೀ., ಸ್ಟ್ರಿಂಗ್ 10ರ ಸೆಟ್. ನೆಕ್ ಪಿಕಪ್ಪಿನ ನೆತ್ತಿ ಮೇಲೇ ಡ್ರೈವರ್ ಕಾಯಿಲ್ (ಸ್ಟ್ರಿಂಗ್ ಅಲ್ಲಾಡಿಸೋದು) ಅಂಟಿಸಿದೆ. ಕಾಯಿಲಿಗೆ 40 ಗೇಜಿನ ಎನಾಮಲ್ ವೈರ್, 300 ಸುತ್ತು, ಮೀಟರಿನಲ್ಲಿ 60 ಓಮ್ ತೋರಿಸ್ತದೆ. ಬಾಬಿನ್ ರಟ್ಟಿನದು. ಒಳಗೆ ಕಬ್ಬಿಣದ ಪಟ್ಟಿ, ಪಟ್ಟಿಯ ಅಡಿಗೆ ನಿಯೋಡೈಮಿಯಂ ಮ್ಯಾಗ್ನೆಟ್. ಆಂಪ್ ಎಲ್‌ಎಂ386, 1 ಮತ್ತು 8ನೇ ಪಿನ್ ನಡುವೆ 10 ಮೈಕ್ರೋಫ್ಯಾರಡ್, ಔಟ್‌ಪುಟ್ಟಿಗೆ 220. ಸಿಗ್ನಲ್ ಬ್ರಿಜ್ ಪಿಕಪ್ಪಿಂದ, ವಾಲ್ಯೂಮ್ ಪಾಟ್ ದಾಟಿದ ಮೇಲೆ ನೇರ 386ಕ್ಕೆ. 9 ವೋಲ್ಟ್ ಬ್ಯಾಟರಿ.

ಆಗ್ತಿರೋದು: 4, 5, 6ನೇ ಸ್ಟ್ರಿಂಗ್ ನಿಧಾನಕ್ಕೆ ಏಳ್ತವೆ. 1, 2ನೇ ಸ್ಟ್ರಿಂಗಿಗೆ ಗೇನ್ ಏರಿಸಿದ ಕೂಡ್ಲೆ ಕಿವಿ ಕೊರೆಯೋ ಕೀರಲು. ಗೇನ್ ಇನ್ನೂ ಜಾಸ್ತಿ ಮಾಡೋದಾ, ಬೇರೆ ಐಸಿ ಹಾಕೋದಾ?

ಎಂಟು_ಓಮ್

ಗೇನ್ ಈಗಲೇ ಜಾಸ್ತಿ ಇದೆ. ಐಸಿ ಮುಟ್ಟಬೇಡಿ, ತಕರಾರಿರೋದು ಕಾಯಿಲಿನಲ್ಲಿ.

ಮೊದಲು ಒಂದು ಪರೀಕ್ಷೆ ಮಾಡಿ. ಆರೂ ಸ್ಟ್ರಿಂಗಿನ ಮೇಲೆ ಅಂಗೈ ಒತ್ತಿ ಹಿಡಿದು ಗೇನ್ ಏರಿಸಿ. ಸ್ಟ್ರಿಂಗ್ ಅಲ್ಲಾಡೋಕೆ ಜಾಗವೇ ಇಲ್ಲದಾಗಲೂ ಕೀರಲು ಬಂದರೆ ಅದಕ್ಕೂ ಸ್ಟ್ರಿಂಗಿಗೂ ಸಂಬಂಧವಿಲ್ಲ. ಡ್ರೈವರಿನ ಕಾಂತಕ್ಷೇತ್ರ ಗಾಳಿಯಲ್ಲೇ ಹಾರಿ ಬ್ರಿಜ್ ಪಿಕಪ್ ಸೇರ್ತಿದೆ, ಅಲ್ಲಿಂದ ಆಂಪಿಗೆ, ಆಂಪಿಂದ ಮತ್ತೆ ಡ್ರೈವರಿಗೆ. ಸಸ್ಟೇನರ್ ಕಟ್ಟುವಾಗ ಎದುರಾಗೋ ತೊಂದರೆಗಳಲ್ಲಿ ಬಹುಪಾಲು ಇದೇ.

ಈಗ ನಿಮ್ಮ ಕಾಯಿಲಿನ ಲೆಕ್ಕ. ಸ್ಟ್ರಿಂಗನ್ನು ಎಳೆಯೋ ಬಲ ಬರೋದು ಕರೆಂಟನ್ನು ಸುತ್ತಿನ ಸಂಖ್ಯೆಯಿಂದ ಗುಣಿಸಿದಾಗ. 2 ವೋಲ್ಟಿಗೆ 60 ಓಮಿನಲ್ಲಿ ಹರಿಯೋದು 33 ಮಿಲಿಆಂಪ್, 300 ಸುತ್ತಿಗೆ 10 ಆಂಪಿಯರ್-ಸುತ್ತು. ಅದೇ 2 ವೋಲ್ಟಿಗೆ 8 ಓಮ್, 100 ಸುತ್ತಿನ ಕಾಯಿಲಾದರೆ 250 ಮಿಲಿಆಂಪ್, 25 ಆಂಪಿಯರ್-ಸುತ್ತು. ಎರಡೂವರೆ ಪಟ್ಟು. 386 ಇರೋದೇ 8 ಓಮ್ ಸ್ಪೀಕರ್ ಓಡಿಸಲಿಕ್ಕೆ, ಅದಕ್ಕೆ 60 ಓಮ್ ಕೊಟ್ಟರೆ ಶಕ್ತಿ ದಾಟೋದಿಲ್ಲ. ಆ ಕೊರತೆ ತುಂಬಲು ಗೇನ್ ಏರಿಸ್ತೀರಿ, ಸ್ಟ್ರಿಂಗ್ ಏಳೋ ಮೊದಲೇ ಸೋರಿಕೆ ಗೆಲ್ತದೆ.

36 ಗೇಜ್ ವೈರ್ ತನ್ನಿ. ದಪ್ಪ 0.193 ಮಿ.ಮೀ., ಮೀಟರಿಗೆ 0.59 ಓಮ್ ಹತ್ತಿರ. 8 ಓಮಿಗೆ 13.6 ಮೀಟರ್ ಸಾಕು. 60 ಮಿ.ಮೀ. ಉದ್ದ, 3 ಮಿ.ಮೀ. ದಪ್ಪದ ಪಟ್ಟಿಯ ಸುತ್ತ ಅದು 100 ಸುತ್ತಿನ ಆಸುಪಾಸಿಗೆ ಬರ್ತದೆ. ಸುತ್ತಿನ ಸಂಖ್ಯೆಗೆ ಅಂಟಿಕೊಳ್ಳಬೇಡಿ, ಓಮ್ ನೋಡಿ ನಿಲ್ಲಿಸಿ. ಮೀಟರಿನ ಪ್ರೋಬ್ ಎರಡನ್ನೂ ಒಂದಕ್ಕೊಂದು ತಾಗಿಸಿದಾಗ ಬರೋ ಅರ್ಧ ಓಮನ್ನು ಕಳೆಯೋದು ಮರೀಬೇಡಿ. 8 ಓಮಿನಲ್ಲಿ ಅರ್ಧ ಓಮ್ ಅಂದರೆ ಆರು ಸುತ್ತು.

ತೀರ್ಥಹಳ್ಳಿ_ಸೋಲ್ಡರ್

ವೈರಿಗೆ ಬೆಂಗಳೂರಿಗೆ ಬರೆಯೋದೆಂತಕ್ಕೆ ಮಾರಾಯ್ರೆ. ಸೀಲಿಂಗ್ ಫ್ಯಾನ್ ರೀವೈಂಡಿಂಗ್ ಮಾಡೋರ ಹತ್ರ 36 ಗೇಜ್ ಇದ್ದೇ ಇರ್ತದೆ. ಬರೀ ಪಂಪ್‌ಸೆಟ್ ಮೋಟಾರ್ ಸುತ್ತೋ ಅಂಗಡಿಗೆ ಹೋದ್ರೆ ಇಲ್ಲ ಅಂತಾರೆ, ಅಲ್ಲಿರೋದೆಲ್ಲ ದಪ್ಪ ವೈರು. ನಿಮಗೆ ಬೇಕಾದದ್ದು ನಾಲ್ಕು ಗ್ರಾಮ್ ಅಷ್ಟೆ, ಅವರು ತೂಕಕ್ಕೆ ಮಾರೋದು, 50 ಗ್ರಾಮ್ ತಗೊಂಡ್ರೆ ಹತ್ತು ಕಾಯಿಲ್ ಆಗ್ತದೆ. ಪಟ್ಟಿಗೆ ಗ್ರಿಲ್ ವೆಲ್ಡಿಂಗ್ ಅಂಗಡಿಯ 3 ಮಿ.ಮೀ. ಎಂ.ಎಸ್. (ಮೆತು ಉಕ್ಕು) ತುಂಡು. ಹ್ಯಾಕ್ಸಾ ಬ್ಲೇಡ್ ಬೇಡ, ಅದು ಹದ ಹಾಕಿದ ಉಕ್ಕು, ತಾನೇ ಮ್ಯಾಗ್ನೆಟ್ ಆಗಿ ಕೂರ್ತದೆ.

ಬಾಬಿನ್ ರಟ್ಟಿನದ್ದಾ? ನಮ್ಮ ಮಳೆಗಾಲಕ್ಕೆ ರಟ್ಟು ನಡೀದು, ಉಬ್ಬಿ ಸುತ್ತು ಸಡಿಲ ಆಗ್ತದೆ. ಅವಧಿ ಮುಗಿದ ಎಟಿಎಂ ಕಾರ್ಡ್ ಕತ್ತರಿಸಿ. ದಪ್ಪ 0.76 ಮಿ.ಮೀ., ಎಲ್ಲ ಕಡೆ ಒಂದೇ. ಒಂದು ಕಾರ್ಡಿನಲ್ಲಿ 72 x 14 ಮಿ.ಮೀ. ತುಂಡು ಎರಡು ಸಲೀಸು. ಮಧ್ಯ 60 x 3ರ ಸೀಳು ಕೊರೆದು, ಎರಡರ ನಡುವೆ ಸರಿಯಾಗಿ 3 ಮಿ.ಮೀ. ಬಿಟ್ಟು ಪಟ್ಟಿಗೆ ಅಂಟಿಸಿ. ಮೇಲಿನ ತುಂಡಿಗಿಂತ ಪಟ್ಟಿ ಮೇಲೆ ಏಳಬಾರದು, ಸಮಕ್ಕೆ ಇರಲಿ. ವೈರ್ ಸುತ್ತೋ ಮೊದಲು ಪಟ್ಟಿಗೆ ಒಂದು ಸುತ್ತು ಟೇಪ್ ಹಾಕಿ, ಇಲ್ಲಾಂದ್ರೆ ಅದರ ಅಂಚು ಎನಾಮಲ್ ಕೆರೀತದೆ.

ಸುತ್ತುವಾಗ ಪ್ರತಿ ಪದರಕ್ಕೂ ಅಂಟು ಸವರಿ. ಸುತ್ತಿದ ಮೇಲೆ ಸವರಿದ್ರೆ ಒಳಗೆ ಇಳಿಯೂದಿಲ್ಲ. ಒಂದು ಸುತ್ತು ಸಡಿಲ ಇದ್ರೂ ಅದು ಸ್ಪೀಕರಿನ ಹಾಗೆ ನಡುಗಿ ಕೂಗ್ತದೆ, ಆ ಕೀರಲನ್ನು ಯಾವ ಕೆಪಾಸಿಟರ್ ಹಾಕಿದ್ರೂ ನಿಲ್ಲಿಸ್ಲಿಕ್ಕೆ ಆಗ. ಫೆವಿಕಾಲ್ ಬೇಸಿಗೆಯಲ್ಲಿ ಸರಿ, ಜೂನ್ ಕಳೆದ ಮೇಲೆ ಒಣಗೂದೇ ಇಲ್ಲ. ಮಳೆಗಾಲದಲ್ಲಿ ಎರಡು ಟ್ಯೂಬಿನ ಎಪಾಕ್ಸಿ ಹಾಕಿ, ಅದಕ್ಕೆ ಒಣಗೋ ಗೊಡವೆ ಇಲ್ಲ, ತಾನೇ ಗಟ್ಟಿ ಆಗ್ತದೆ. ನಿಧಾನಕ್ಕೆ ಗಟ್ಟಿಯಾಗೋ ಜಾತಿ ನೋಡಿ ತಗೊಳ್ಳಿ. ಐದು ನಿಮಿಷದ್ದು ಅರ್ಧ ಸುತ್ತುವಷ್ಟರಲ್ಲೇ ಕಲ್ಲಾಗ್ತದೆ.

ಸಾಗರದ_ಸಿಂಗಲ್‌ಕಾಯಿಲ್

0.2 ಮಿ.ಮೀ. ವೈರ್ ಹಾಕಿದರೆ ಸಣ್ಣ ಸ್ಟ್ರಿಂಗಿನ ಫೇಸ್ ತೊಂದರೆ (ಬಲ ಸ್ಟ್ರಿಂಗಿನ ಹೆಜ್ಜೆಗೆ ಹೊಂದದೇ ಹೋಗೋದು) ಹೋಗುತ್ತೆ ಅಂತ ಎಲ್ಲ ಕಡೆ ಬರೆದಿದೆ. ಅದಕ್ಕೇನಾ 36 ಗೇಜ್ ಹೇಳಿದ್ದು?

ಎಂಟು_ಓಮ್

ಅಲ್ಲ. ಆ ಮಾತು ಅರ್ಧ ಮಾತ್ರ ನಿಜ.

ಮ್ಯಾಗ್ನೆಟಿಕ್ ಪಿಕಪ್ ಕೊಡೋ ವೋಲ್ಟೇಜು ಸ್ಟ್ರಿಂಗಿನ ವೇಗಕ್ಕೆ ತಕ್ಕಂತೆ. ಸ್ಟ್ರಿಂಗನ್ನು ಎಬ್ಬಿಸೋ ಬಲವೂ ವೇಗದ ಜೊತೆಗೇ ಹೆಜ್ಜೆ ಹಾಕಬೇಕು, ಅಂದರೆ ಅದು ಹೋಗ್ತಿರೋ ದಿಕ್ಕಿಗೇ ತಳ್ಳಬೇಕು. ಹಾಗಾಗಿ ನಡುವೆ ಫೇಸ್ ಜಾರದಿದ್ದರೆ ಕೆಲಸ ಸಲೀಸು. ಆದರೆ ಕಾಯಿಲಿಗೆ ಇಂಡಕ್ಟೆನ್ಸ್ ಇದೆ, ಕರೆಂಟು ಹಿಂದೆ ಬೀಳ್ತದೆ. 8 ಓಮ್ ಕಾಯಿಲಿನದು 1 ಮಿಲಿಹೆನ್ರಿ ಎಂದಿಟ್ಟುಕೊಂಡರೆ 330 ಹರ್ಟ್ಸಿನಲ್ಲಿ, ಅಂದರೆ ಖಾಲಿ 1ನೇ ಸ್ಟ್ರಿಂಗಿಗೆ, ಸುಮಾರು 15 ಡಿಗ್ರಿ ಹಿಂದೆ. 12ನೇ ಫ್ರೆಟ್ಟಿನಲ್ಲಿ 27. 1000 ಹರ್ಟ್ಸಿನಲ್ಲಿ 38. ಸಣ್ಣ ಸ್ಟ್ರಿಂಗಿನಲ್ಲಿ ಕಬ್ಬಿಣವೂ ಕಡಿಮೆ, ಹಿಡಿತವೂ ಕಡಿಮೆ, ಮೇಲಿಂದ ಇದು.

ಈ ಹಿಂದೆ ಬೀಳೋದು ಇಂಡಕ್ಟೆನ್ಸನ್ನು ರೆಸಿಸ್ಟೆನ್ಸಿನಿಂದ ಭಾಗಿಸಿದ ಲೆಕ್ಕ. ಅಷ್ಟೇ ಜಾಗದಲ್ಲಿ ಅಷ್ಟೇ ತಾಮ್ರ ತುಂಬಿದರೆ ಸಣ್ಣ ವೈರಾದರೂ ದಪ್ಪ ವೈರಾದರೂ ಆ ಭಾಗಲಬ್ಧ ಹೆಚ್ಚುಕಮ್ಮಿ ಒಂದೇ. ಗೇಜ್ ತೀರ್ಮಾನಿಸೋದು ಆಂಪಿಗೆ ಎಷ್ಟು ಓಮ್ ಕಾಣಬೇಕು ಅನ್ನೋದನ್ನ. ಫೇಸ್ ತೀರ್ಮಾನಿಸೋದು ಕಾಯಿಲಿನ ಗಾತ್ರ. ಅದಕ್ಕೇ 3 ಮಿ.ಮೀ. ಎತ್ತರದ ತೆಳು ಕಾಯಿಲ್, ಸ್ಟ್ರಿಂಗಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ. ಪೂರಾ ಪಿಕಪ್ ಬಾಬಿನ್ ತುಂಬ ವೈರ್ ಸುತ್ತಿ ಶಕ್ತಿ ಜಾಸ್ತಿ ಮಾಡ್ತೇನೆ ಅನ್ನೋರು ಈ ಜಾಗದಲ್ಲೇ ಜಾರೋದು.

ಔಟ್‌ಪುಟ್ ಕೆಪಾಸಿಟರ್ ಇದಕ್ಕೆ ಉಲ್ಟಾ, ಕರೆಂಟನ್ನು ಮುಂದೆ ತಳ್ತದೆ. 220ರ ಬದಲು 100 ಮೈಕ್ರೋಫ್ಯಾರಡ್ ಹಾಕಿ ನೋಡಿ. 330 ಹರ್ಟ್ಸಿನಲ್ಲಿ ಅದು ಕಾಯಿಲಿನ ಲ್ಯಾಗನ್ನು ಪೂರಾ ತಿಂದು ಇನ್ನೂ 19 ಡಿಗ್ರಿ ಮುಂದೆ ತಂದು ನಿಲ್ಲಿಸ್ತದೆ, 1000ಕ್ಕೆ 38 ಇದ್ದದ್ದು 30 ಆಗ್ತದೆ. ಅಷ್ಟಲ್ಲದೆ 6ನೇ ಸ್ಟ್ರಿಂಗಿಗೆ ಹೋಗೋ ಕರೆಂಟು ತಗ್ಗಿ, ದಪ್ಪ ಸ್ಟ್ರಿಂಗುಗಳು ಒಂದೇ ಸಮ ಅಬ್ಬರಿಸೋದು ನಿಲ್ತದೆ. ಈ ಇಡೀ ಕೆಲಸದಲ್ಲಿ ಇಷ್ಟು ಅಗ್ಗದ ಸುಧಾರಣೆ ಇನ್ನೊಂದಿಲ್ಲ.

ತುಂಗಾತೀರ

ಅಂಗೈ ಪರೀಕ್ಷೆ ಆಯ್ತು ಸರ್. ಸ್ಟ್ರಿಂಗ್ ಒತ್ತಿ ಹಿಡಿದರೂ ಕೀರಲು ಹಾಗೇ ಇದೆ. ಡ್ರೈವರ್ ಸುತ್ತ ತಾಮ್ರದ ಟೇಪ್ ಅಂಟಿಸಿದರೆ ನಿಲ್ಲುತ್ತಾ? ಇನ್ನೊಂದು, ಮಿಡಲ್ ಪಿಕಪ್ ಕೂಡ ಬಳಸೋ ಹಾಗೆ ಮಾಡೋಕಾಗುತ್ತಾ?

ಎಂಟು_ಓಮ್

ತಾಮ್ರದ ಟೇಪ್ ಗುಂಯ್ ಅನ್ನೋ ಮೇನ್ಸ್ ಸದ್ದಿಗೆ, ಕೆಪಾಸಿಟಿವ್ ಸೋರಿಕೆಗೆ ಸರಿ. ಈ ಫ್ರೀಕ್ವೆನ್ಸಿಯ ಕಾಂತಕ್ಷೇತ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಇಲ್ಲಿ ಕೆಲಸ ಮಾಡೋದು ದೂರ ಒಂದೇ. ಇಂಥ ಕಾಯಿಲಿನ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಇಳೀತದೆ, ದೂರ ಎರಡು ಪಟ್ಟಾದರೆ ಸೋರಿಕೆ ಎಂಟರಲ್ಲೊಂದು. ನಿಮ್ಮ ಗಿಟಾರಿನಲ್ಲಿ ನೆಕ್ಕಿಂದ ಬ್ರಿಜ್ ಪಿಕಪ್ಪಿಗೆ ಸುಮಾರು 120 ಮಿ.ಮೀ., ಮಿಡಲಿಗೆ 60. ಮಿಡಲ್ ಬಳಸಿದರೆ ಸೋರಿಕೆ ಎಂಟು ಪಟ್ಟು, ಆ ಆಸೆ ಬಿಡಿ. ಬ್ರಿಜ್ಜಿನಲ್ಲಿ ಹಂಬಕರ್ (ಎರಡು ಕಾಯಿಲಿನ ಪಿಕಪ್) ಇದ್ದರೆ ದೂರದ ಕ್ಷೇತ್ರವನ್ನು ಎರಡು ಕಾಯಿಲೂ ಹೆಚ್ಚುಕಮ್ಮಿ ಸಮನಾಗಿ ಹಿಡಿದು ಹೊಡೆದುಹಾಕ್ತವೆ. ಸಿಂಗಲ್ ಕಾಯಿಲಿನ ಅಳತೆಯಲ್ಲೇ ಬರೋ ಹಂಬಕರ್ ಹಾಕೋದಾದರೆ ಅದಕ್ಕೆ ಕೊಡೋ ದುಡ್ಡು ಸಾರ್ಥಕ.

ನೆಕ್ ಪಿಕಪ್ಪಿನ ಮೇಲೆ ಡ್ರೈವರ್ ಅಂಟಿಸಿದ್ದೀರಿ. ಸಸ್ಟೇನರ್ ಓಡುವಾಗ ಆ ಪಿಕಪ್ಪಿನ ಎರಡೂ ವೈರ್ ಬಿಡಿಸಬೇಕು, ಹಾಟ್ ಮಾತ್ರ ಬಿಡಿಸಿದರೆ ಸಾಲದು. ಡ್ರೈವರಿನ 100 ಸುತ್ತು, ಅದರ ಅಡಿಗೆ ಪಿಕಪ್ಪಿನ ಸಾವಿರಾರು ಸುತ್ತು: ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಅಂದರೆ ಇದೇ. ಅಲ್ಲಿ ಹುಟ್ಟೋ ವೋಲ್ಟೇಜು ಸೆಲೆಕ್ಟರ್ ಸ್ವಿಚ್ಚಿನ ಪಕ್ಕದ ಟರ್ಮಿನಲ್ಲಿಗೆ ಹಾರೋದು ಕಷ್ಟವೇನಲ್ಲ. ನಾಲ್ಕು ಪೋಲಿನ ಸ್ವಿಚ್ ಹಾಕಿ: ಎರಡು ಪೋಲ್ ನೆಕ್ ಪಿಕಪ್ಪಿಗೆ, ಒಂದು ಸೆಲೆಕ್ಟರನ್ನು ದಾಟಿಸಿ ಬ್ರಿಜ್ ಪಿಕಪ್ಪನ್ನೇ ಜ್ಯಾಕಿಗೆ ಕೊಡಲಿಕ್ಕೆ, ಒಂದು ಪವರಿಗೆ.

ಡ್ರೈವರಿಗೆ ಹೋಗೋ ಎರಡು ವೈರನ್ನೂ ಹೆಣೆದುಕೊಂಡು ಹೋಗಿ. ಅದರ ಗ್ರೌಂಡ್ ನೇರ ಬ್ಯಾಟರಿಯ ಮೈನಸ್ಸಿಗೆ ಬರಲಿ. ಪಾಟಿನ ಬೆನ್ನಿಗೆ ಬೆಸುಗೆ ಹಾಕಿದರೆ ಆ ನೂರಿನ್ನೂರು ಮಿಲಿಆಂಪ್ ಸಿಗ್ನಲ್ ಗ್ರೌಂಡಿನಲ್ಲೇ ಹರಿದು ಇನ್ನೊಂದು ಬಗೆಯ ಕೀರಲು ಶುರುವಾಗ್ತದೆ.

386ರ ಇನ್‌ಪುಟ್ 50 ಕಿಲೋಓಮ್, ಬರೀ ಪಿಕಪ್ಪಿಗೆ ಅದು ಭಾರ. ನಡುವೆ ಟಿಎಲ್072 (ಎರಡು ಆಪ್‌ಆಂಪ್ ಇರೋ ಐಸಿ) ಹಾಕಿ, ಒಂದರ್ಧ ಬಫರ್, 1 ಮೆಗಾಓಮಿನಿಂದ ಅರ್ಧ ಸಪ್ಲೈಗೆ ಬಯಾಸ್. ಇನ್ನೊಂದರ್ಧದಲ್ಲಿ ಬೇಕಿದ್ದರೆ ಐದು ಪಟ್ಟು ಗೇನ್. ಆಗ 386ರ 1 ಮತ್ತು 8ರ ನಡುವಿನ 10 ಮೈಕ್ರೋಫ್ಯಾರಡ್ ತೆಗೆದು 20 ಪಟ್ಟಿನಲ್ಲೇ ಬಿಡಿ. ಸಿಗ್ನಲ್ ವಾಲ್ಯೂಮ್ ಪಾಟಿನ ಮುಂಚೆಯೇ ತಗೊಳ್ಳಿ, ಇಲ್ಲದಿದ್ದರೆ ವಾಲ್ಯೂಮ್ ಇಳಿಸಿದಾಗ ಸಸ್ಟೇನೂ ಇಳೀತದೆ. 5ನೇ ಪಿನ್ನಿಂದ ಗ್ರೌಂಡಿಗೆ 10 ಓಮ್ ಮತ್ತು 47 ನ್ಯಾನೋಫ್ಯಾರಡ್ ಸರಣಿಯಲ್ಲಿ, 7ನೇ ಪಿನ್ನಿಗೆ 10 ಮೈಕ್ರೋಫ್ಯಾರಡ್, ಸಪ್ಲೈಗೆ ಅಡ್ಡ 470. ಕೊನೆಯದನ್ನು ಬಿಟ್ಟರೆ ಬ್ಯಾಟರಿ ಸ್ವಲ್ಪ ಇಳಿದ ಕೂಡಲೇ ಮೋಟಾರ್‌ಬೋಟಿನ ಹಾಗೆ ಪುಟುಪುಟು ಅನ್ನಲಿಕ್ಕೆ ಹಿಡೀತದೆ.

ತೀರ್ಥಹಳ್ಳಿ_ಸೋಲ್ಡರ್

ಮ್ಯಾಗ್ನೆಟ್ ಬಗ್ಗೆ ಯಾರೂ ಹೇಳ್ಲಿಲ್ಲ. ನಿಯೋಡೈಮಿಯಂ ಸಾಲಾಗಿ ಆರು ಇಟ್ರೆ ಸ್ಟ್ರಿಂಗನ್ನೇ ಎಳೆದು ಹಿಡೀತದೆ. 6ನೇ ಸ್ಟ್ರಿಂಗ್ 12ನೇ ಫ್ರೆಟ್ ಮೇಲೆ ಶ್ರುತಿಗೇ ಬರ್ದೇ ಎರಡು ಸ್ವರ ಒಟ್ಟಿಗೆ ಕೇಳ್ತದೆ. ಫೆರೈಟ್ ಪಟ್ಟಿ ಸಾಕು. ಫ್ರಿಜ್ ಬಾಗಿಲಿನ ರಬ್ಬರ್ ಮ್ಯಾಗ್ನೆಟ್ ಮಾತ್ರ ಬೇಡ, ಅದಕ್ಕೆ ಶಕ್ತಿ ಇಲ್ಲ.

ಕೊಪ್ಪದ_ಕಾಪಿ

ಅಷ್ಟು ತೊಂದರೆ ಆದರೆ ಮ್ಯಾಗ್ನೆಟ್ಟನ್ನೇ ತೆಗೆದರೆ ಏನು? ಕಾಯಿಲಿಗೆ ಕರೆಂಟ್ ಹೋದರೆ ಅದೇ ಎಲೆಕ್ಟ್ರೋಮ್ಯಾಗ್ನೆಟ್ ಅಲ್ವಾ.

ಎಂಟು_ಓಮ್

ತೆಗೆದರೆ ಸ್ಟ್ರಿಂಗ್ ಏಳೋದೇ ಇಲ್ಲ. ಕಬ್ಬಿಣವನ್ನು ಎಳೆಯೋ ಬಲ ಕ್ಷೇತ್ರದ ವರ್ಗಕ್ಕೆ ತಕ್ಕಂತೆ. ಕರೆಂಟು ಪ್ಲಸ್ ಇದ್ದಾಗಲೂ ಎಳೀತದೆ, ಮೈನಸ್ ಇದ್ದಾಗಲೂ ಎಳೀತದೆ. 110 ಹರ್ಟ್ಸ್ ಕೊಟ್ಟರೆ ಸ್ಟ್ರಿಂಗಿಗೆ ಸಿಗೋದು ಸೆಕೆಂಡಿಗೆ 220 ಎಳೆತ, ಅದೂ ಬಲಹೀನ. ಖಾಯಂ ಮ್ಯಾಗ್ನೆಟ್ ಒಂದು ಸ್ಥಿರವಾದ ಎಳೆತ ಕೊಟ್ಟಿರ್ತದೆ, ಕಾಯಿಲಿನ ಕರೆಂಟು ಅದನ್ನು ಹೆಚ್ಚು ಕಡಿಮೆ ಮಾಡ್ತದೆ. ಆಗ 110ಕ್ಕೆ 110. ಫೆರೈಟ್ ಬಗ್ಗೆ ತೀರ್ಥಹಳ್ಳಿಯವರ ಮಾತಿಗೆ ನನ್ನದೂ ಸಹಮತ. ನಿಯೋಡೈಮಿಯಂ ಹಾಕಲೇಬೇಕಾದರೆ 2 ಮಿ.ಮೀ. ದಪ್ಪದ್ದು ಎರಡೇ ತುಂಡು, ಅದರ ಹತ್ತಿರ ಸೋಲ್ಡರಿಂಗ್ ಐರನ್ ತರಬೇಡಿ. ಸಾಮಾನ್ಯ ದರ್ಜೆಯದು 80 ಡಿಗ್ರಿ ದಾಟಿದರೆ ಶಕ್ತಿ ಕಳ್ಕೊಳ್ತದೆ.

ಡ್ರೈವರ್ ಸಿದ್ಧವಾದ ಮೇಲೆ ಪಿಕಪ್ಪಿಗೆ ಜೋಡಿಸೋ ಮುಂಚೆ ಹೀಗೆ ನೋಡಿ. ಫೋನಿನ ಟೋನ್ ಜನರೇಟರ್ ಆ್ಯಪಿನಿಂದ 110 ಹರ್ಟ್ಸ್ ಸೈನ್ ಅಲೆ ತೆಗೆದು ಹೆಡ್‌ಫೋನ್ ಜ್ಯಾಕಿನಿಂದ 386ಕ್ಕೆ ಕೊಡಿ. ಶ್ರುತಿ ಮಾಡಿದ 5ನೇ ಸ್ಟ್ರಿಂಗ್ ಯಾರೂ ಮುಟ್ಟದೇ ನಿಧಾನ ಕಂಪಿಸಲು ಶುರುಮಾಡಬೇಕು, ಎರಡು ಮೂರು ಸೆಕೆಂಡಿಗೆ ಅಂಚು ಮಸುಕಾಗಿ ಅಗಲವಾಗಿ ಕಾಣಬೇಕು. ಆ್ಯಪಿನಲ್ಲಿ 112 ಮಾಡಿ, ಕಂಪನ ಸತ್ತುಹೋಗ್ತದೆ. ಅನುರಣನ ಅಷ್ಟು ಕಿರಿದು, ಆದ್ದರಿಂದ ಮೊದಲು ಶ್ರುತಿ ನಿಖರ ಇರಲಿ. ಮಿಕ್ಕ ಸ್ಟ್ರಿಂಗಿಗೆ 82.4, 146.8, 196, 246.9, 329.6. ಈ ಪರೀಕ್ಷೆಯಲ್ಲಿ 1ನೇ ಸ್ಟ್ರಿಂಗ್ ಏಳದಿದ್ದರೆ ಡ್ರೈವರ್ ಸರಿ ಇಲ್ಲ ಅಥವಾ ದೂರ ಇದೆ. ಎದ್ದೂ ಆಮೇಲೆ ಪಿಕಪ್ ಜೋಡಿಸಿದಾಗ ಏಳದಿದ್ದರೆ ತಪ್ಪು ಫೇಸಿನಲ್ಲೋ ಸೋರಿಕೆಯಲ್ಲೋ ಇದೆ. ಲೂಪ್ (ಪಿಕಪ್ಪಿಂದ ಆಂಪಿಗೆ, ಆಂಪಿಂದ ಡ್ರೈವರಿಗೆ) ಮುಚ್ಚಿಟ್ಟುಕೊಂಡು ತಡಕಾಡಿದರೆ ಯಾವುದು ಯಾವುದೆಂದು ಗೊತ್ತಾಗೋದಿಲ್ಲ.

ಡ್ರೈವರಿಗೂ ಸ್ಟ್ರಿಂಗಿಗೂ ನಡುವಿನ ಅಂತರ: ಕೊನೇ ಫ್ರೆಟ್ ಒತ್ತಿದಾಗ ದಪ್ಪ ಸ್ಟ್ರಿಂಗ್ ಕಡೆ 3 ಮಿ.ಮೀ., ಸಣ್ಣ ಕಡೆ 2.

ಸಾಗರದ_ಸಿಂಗಲ್‌ಕಾಯಿಲ್

ಡ್ರೈವರಿನ ಎರಡು ವೈರ್ ಅದಲುಬದಲು ಮಾಡಿದರೆ ಹಾರ್ಮೋನಿಕ್ ಮೋಡ್ ಅಂತಾರಲ್ಲ, ಬರೋದು ಎಷ್ಟನೇ ಹಾರ್ಮೋನಿಕ್?

ಎಂಟು_ಓಮ್

ಅದು ಜಾಗದ ಮೇಲೆ ಹೋಗ್ತದೆ. ಉಲ್ಟಾ ಮಾಡಿದಾಗ ಮೂಲ ಸ್ವರವನ್ನು ಡ್ರೈವರ್ ಅಡಗಿಸ್ತದೆ. ಡ್ರೈವರ್ ಇರೋ ಜಾಗ, ಪಿಕಪ್ ಇರೋ ಜಾಗ ಎರಡೂ ಎದುರುಬದುರು ದಿಕ್ಕಿಗೆ ಅಲ್ಲಾಡೋ ಯಾವ ಕಂಪನ ಉಂಟೋ ಅದು ಮಾತ್ರ ಏಳ್ತದೆ. 648ರ ಸ್ಕೇಲಿನಲ್ಲಿ ಬ್ರಿಜ್ಜಿಂದ ಡ್ರೈವರಿಗೆ 162 ಮಿ.ಮೀ. ಅಂದರೆ ಸರಿಯಾಗಿ ಕಾಲು ಭಾಗ. ಖಾಲಿ ಸ್ಟ್ರಿಂಗಿನ 4ನೇ ಹಾರ್ಮೋನಿಕ್ಕಿಗೆ ಅದು ನಿಶ್ಚಲ ಬಿಂದು, ಡ್ರೈವರಿಗೆ ಹಿಡಿತವೇ ಸಿಗೋದಿಲ್ಲ. ದಿಕ್ಕು ಬದಲಾಗೋದು 5ರಿಂದ. ತಂಬೂರಿಯ ಮಂದ್ರ ಷಡ್ಜ ಮೀಟಿದಾಗ ತಾನಾಗಿ ಕೇಳೋ ಗಾಂಧಾರವೂ ಇದೇ 5ನೆಯದು. 12ನೇ ಫ್ರೆಟ್ ಒತ್ತಿದರೆ ಡ್ರೈವರ್ ಸ್ಟ್ರಿಂಗಿನ ನಟ್ಟನಡುವಿಗೆ ಬರ್ತದೆ, ಆಗ 2ನೆಯದು ಸಿಗದೆ 3ನೆಯದು, ಅಂದರೆ ಮೇಲಿನ ಪಂಚಮ. ಕಾಯಿಲಿನ ಲ್ಯಾಗ್ ಇದರೊಳಗೆ ಕೈ ಹಾಕ್ತದೆ, ಹಾಗಾಗಿ ಕೆಲವು ಫ್ರೆಟ್ಟಿನಲ್ಲಿ ಎರಡರ ನಡುವೆ ಜಾರಾಡೋದು ಕೇಳಿಸ್ತದೆ. ವೈರ್ ಅದಲುಬದಲಿಗೆ ಆರು ಕಾಲಿನ ಡಿಪಿಡಿಟಿ ಸ್ವಿಚ್ ಒಂದು ಸಾಕು.

ಆಗುಂಬೆ_ಫಂಗಸ್

ಅಕೌಸ್ಟಿಕ್ ಗಿಟಾರಿಗೆ ಮಾಡಬಹುದಾ? ಪೀಜೋ (ಒತ್ತಡವನ್ನು ವೋಲ್ಟೇಜ್ ಮಾಡೋ ಡಿಸ್ಕ್) ಇದೆ. ಮ್ಯಾಗ್ನೆಟಿಕ್ ಪಿಕಪ್ಪೇ ಇಲ್ಲದ ಮೇಲೆ ಸೋರಿಕೆಯೂ ಇರಬಾರದಲ್ಲ.

ಎಂಟು_ಓಮ್

ಮಾಡಬಹುದು. ಕಾಂತದ ಸೋರಿಕೆ ನಿಜಕ್ಕೂ ಹೋಗ್ತದೆ, ಆದರೆ ಬೇರೆ ಗಂಟು ಬೀಳ್ತದೆ. ಬ್ರಿಜ್ಜಿನ ಪೀಜೋ ಅಳೆಯೋದು ಸ್ಟ್ರಿಂಗ್ ಬ್ರಿಜ್ಜನ್ನು ಎಳೆಯೋ ಬಲ, ಅದು ಸ್ಥಾನಾಂತರಕ್ಕೆ ತಕ್ಕಂತೆ, ವೇಗಕ್ಕಲ್ಲ. ವೇಗಕ್ಕೂ ಅದಕ್ಕೂ 90 ಡಿಗ್ರಿ ವ್ಯತ್ಯಾಸ. ಹಾಗೇ ಜೋಡಿಸಿದರೆ ಸರಿಯಾದ ಪೊಲಾರಿಟಿಯೂ ಕೆಲಸ ಮಾಡೋದಿಲ್ಲ, ಉಲ್ಟಾವೂ ಮಾಡೋದಿಲ್ಲ, ಸ್ವರ ಮಾತ್ರ ಸ್ವಲ್ಪ ಏರುಪೇರಾಗ್ತದೆ.

ಪೀಜೋಗೆ ಮೆಗಾಓಮ್ ಇನ್‌ಪುಟ್ ಕೊಡಿ ಅಂತ ಎಲ್ಲರೂ ಹೇಳೋದು. ಇಲ್ಲಿ ಬೇಕಾದದ್ದು ತದ್ವಿರುದ್ಧ. 27 ಮಿ.ಮೀ. ಡಿಸ್ಕಿನ ಕೆಪಾಸಿಟೆನ್ಸ್ 20 ನ್ಯಾನೋಫ್ಯಾರಡ್ ಹತ್ತಿರ. ಅದಕ್ಕೆ ಅಡ್ಡಲಾಗಿ 10 ಕಿಲೋಓಮ್ ಹಾಕಿದರೆ 800 ಹರ್ಟ್ಸಿನ ಕೆಳಗೆ ಅದೇ ಡಿಫರೆನ್ಶಿಯೇಟರ್ (ಸ್ಥಾನಾಂತರದಿಂದ ವೇಗ ತೆಗೆಯೋದು), 110 ಹರ್ಟ್ಸಿನಲ್ಲಿ 82 ಡಿಗ್ರಿ ಮುಂದೆ ತರ್ತದೆ. ಸಿಗ್ನಲ್ ಏಳರಲ್ಲೊಂದು ಪಾಲಿಗೆ ಇಳೀತದೆ, ಅಷ್ಟು ಗೇನ್ ಬಫರಿನಲ್ಲಿ ವಾಪಸ್ ಕೊಡಿ. ಹಾಡೋ ಗಿಟಾರ್ ಸದ್ದಿಗೆ ಬೇರೆ ಡಿಸ್ಕ್ ಇರಲಿ. ಡ್ರೈವರನ್ನು ಸೌಂಡ್‌ಬೋರ್ಡಿಗೆ ಅಂಟಿಸಬೇಡಿ, ಅದರ ನಡುಕ ಹಲಗೆಯಲ್ಲೇ ಪೀಜೋ ತಲುಪ್ತದೆ. ಫ್ರೆಟ್‌ಬೋರ್ಡಿನ ತುದಿಗೆ ಸಣ್ಣ ಬ್ರಾಕೆಟ್ ಹಾಕಿ ತೂಗಿಬಿಡಿ. ಬ್ರಾಂಜ್ ಸುತ್ತಿನ ಸ್ಟ್ರಿಂಗಿನಲ್ಲಿ ನಡುವಿನ ಉಕ್ಕಿನ ಎಳೆ ಮಾತ್ರ ಕಾಂತಕ್ಕೆ ಸಿಗೋದು, ಎಲೆಕ್ಟ್ರಿಕ್ ಸೆಟ್ಟಿನಷ್ಟು ಏಳೋದಿಲ್ಲ. ನೈಲಾನ್ ಆದರೆ ಈ ದಾರಿಯೇ ಇಲ್ಲ.

ವೀಣೆಯ ಬಗ್ಗೆಯೂ ಯಾರಾದರೂ ಕೇಳೇ ಕೇಳ್ತೀರಿ: ಮ್ಯಾಗ್ನೆಟ್ ಹಿಡಿದು ನೋಡಿ, ಅಂಟಿದ ತಂತಿ ಏಳ್ತದೆ, ಅಂಟದ್ದು ಇಲ್ಲ.

ಆಗುಂಬೆ_ಫಂಗಸ್

ಮಳೆ ಕಡೆಯವರಿಗೆ ಒಂದು ಮಾತು ಸೇರಿಸ್ತೇನೆ. ವರ್ಷಕ್ಕೆ 7000 ಮಿ.ಮೀ. ಸುರಿಯೋ ಊರಿನಲ್ಲಿ ಸ್ಟ್ರಿಂಗ್ ತುಕ್ಕು ಹಿಡಿಯೋದು ಹೊಸದಲ್ಲ, ಆದರೆ ಡ್ರೈವರ್ ಇದ್ದರೆ ಆ ತುಕ್ಕಿನ ಪುಡಿ ಬೇರೆ ಕಡೆ ಉದುರದೆ ಪಟ್ಟಿಯ ಮೇಲೇ ಕೂರ್ತದೆ. ಕಂದು ಮೀಸೆಯ ಹಾಗೆ ನಿಂತುಕೊಂಡು ಸ್ಟ್ರಿಂಗಿಗೆ ತಾಗಿ ಕಿರಿಕಿರಿ ಸದ್ದು ಮಾಡ್ತದೆ, ನೋಡಿದರೆ ಆಂಪ್ ಕೆಟ್ಟಿದೆ ಅನಿಸ್ತದೆ. ಪಟ್ಟಿಯ ಮೇಲೆ ಪಾರದರ್ಶಕ ಟೇಪ್ ಹಾಕಿಟ್ಟರೆ ಟೇಪ್ ಕಿತ್ತಾಗ ಪುಡಿಯೂ ಬರ್ತದೆ. ಬೋರ್ಡಿನ ಬೆಸುಗೆ ಕಡೆಗೆ ಉಗುರುಬಣ್ಣ ಎರಡು ಕೋಟ್, ಮೊದಲು ಫ್ಲಕ್ಸನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು. ಬಫರಿನ ಆ 1 ಮೆಗಾಓಮ್ ಇದೆಯಲ್ಲ, ಫ್ಲಕ್ಸ್ ಉಳಿದ ಬೋರ್ಡ್ ಥಂಡಿ ಹಿಡಿದರೆ ಅದರ ಪಕ್ಕದಲ್ಲೇ ಕರೆಂಟು ಸೋರಿ ಬಯಾಸ್ ತಪ್ತದೆ.

ಕೊಪ್ಪದ_ಕಾಪಿ

ಇಷ್ಟೆಲ್ಲ ಬದಲು ಇಬೋ (ಕೈಯಲ್ಲಿ ಹಿಡಿಯೋ ಸಸ್ಟೇನರ್) ತಗೊಂಡರೆ ಆಗಲ್ವಾ? ಗ್ರೆಗ್ ಹೀಟ್ 1969ರಲ್ಲೇ ಮಾಡಿದ್ದು, 1976ರಿಂದ ಮಾರಾಟದಲ್ಲಿದೆ. ಗಿಟಾರಿಗೆ ಒಂದು ತೂತೂ ಕೊರೆಯಬೇಕಿಲ್ಲ.

ಎಂಟು_ಓಮ್

ಆಗ್ತದೆ. ಒಂದು ಸಲಕ್ಕೆ ಒಂದೇ ಸ್ಟ್ರಿಂಗ್ ಸಾಕು, ಬಲಗೈ ಅದಕ್ಕೇ ಮೀಸಲಾದರೂ ಪರವಾಗಿಲ್ಲ ಅನ್ನೋರಿಗೆ ಅದೇ ಒಳ್ಳೇದು. ಕಾರ್ಡ್ ಪೂರ್ತಿ ನಿಲ್ಲಬೇಕು, ಬಲಗೈಯಲ್ಲಿ ಮೀಟಬೇಕು ಅಂದರೆ ಒಳಗೇ ಕೂರೋ ಡ್ರೈವರ್ ಬೇಕು.

ತುಂಗಾತೀರ

36 ಗೇಜಿನಲ್ಲಿ ಸುತ್ತಿ 7.9 ಓಮಿಗೆ ನಿಲ್ಲಿಸಿದೆ, ಎಟಿಎಂ ಕಾರ್ಡ್ ಬಾಬಿನ್, ಎಪಾಕ್ಸಿ, ಫೆರೈಟ್. ಫೋನ್ ಪರೀಕ್ಷೆಯಲ್ಲಿ ಆರೂ ಏಳ್ತವೆ, 1ನೆಯದು ತಡವಾಗಿ. ಬಫರ್, 100 ಮೈಕ್ರೋಫ್ಯಾರಡ್ ಹಾಕಿ ಲೂಪ್ ಮುಚ್ಚಿದ ಮೇಲೆ 2ನೇ ಸ್ಟ್ರಿಂಗ್ 15ನೇ ಫ್ರೆಟ್ಟಿನವರೆಗೂ ನಿಲ್ತದೆ. ಕೀರಲು ಗೇನ್ ಮುಕ್ಕಾಲು ದಾಟಿದ ಮೇಲೆ ಮಾತ್ರ.

ಉಳಿದದ್ದು ಎರಡು. ಸ್ವಿಚ್ ಹಾಕಿದಾಗ ಸ್ಟ್ರಿಂಗಿಗೆ ಯಾರೋ ಹೊಡೆದ ಹಾಗೆ ದೊಪ್ ಅನ್ನುತ್ತೆ. ಬ್ಯಾಟರಿಯೂ ಬೇಗ ಇಳಿಯುತ್ತೆ.

ಎಂಟು_ಓಮ್

ದೊಪ್ ಅನ್ನೋದು ಔಟ್‌ಪುಟ್ ಕೆಪಾಸಿಟರ್. ಪವರ್ ಬಂದಾಗ ಅದು ಅರ್ಧ ಸಪ್ಲೈವರೆಗೆ ತುಂಬ್ತದೆ, ತುಂಬೋ ಕರೆಂಟು ಹೋಗೋದು ಡ್ರೈವರ್ ಮೂಲಕವೇ. ಸ್ಟ್ರಿಂಗಿಗೆ ನಿಜವಾಗಿಯೂ ಏಟು ಬೀಳ್ತಿದೆ. ಹಾಗಾಗಿ ಪವರನ್ನು ಆ ಸ್ವಿಚ್ಚಿನಿಂದ ತೆಗೆದು ಸ್ಟೀರಿಯೋ ಜ್ಯಾಕಿಗೆ ಕೊಡಿ, ಕೇಬಲ್ ಚುಚ್ಚಿದಾಗ ಆನ್. ಖಾಲಿಯಾದ ಪೋಲ್ 386ರ ಇನ್‌ಪುಟ್ಟನ್ನು ಗ್ರೌಂಡಿಗೆ ಕೂರಿಸೋ ಮ್ಯೂಟ್ ಆಗಲಿ. ಸುಮ್ಮನಿದ್ದಾಗ 386 ಕುಡಿಯೋದು 4 ಮಿಲಿಆಂಪ್, 072 ಸೇರಿ 7 ಅಥವಾ 8.

ಓಡುವಾಗ 100 ದಾಟ್ತದೆ, 9 ವೋಲ್ಟಿನ ಚೌಕ ಬ್ಯಾಟರಿಗೆ ಅದು ಹೆಚ್ಚು. ಕಾರ್ಬನ್ ಜಾತಿಯದು ಲೆಕ್ಕಕ್ಕೇ ಬೇಡ. 18650 ಲಿಥಿಯಂ ಸೆಲ್ ಎರಡು ಸರಣಿಯಲ್ಲಿ, ಎರಡು ಸೆಲ್ಲಿನ ಪ್ರೊಟೆಕ್ಷನ್ ಬೋರ್ಡ್ ಸಮೇತ. 7.4 ವೋಲ್ಟ್ 386ಕ್ಕೆ ಧಾರಾಳ. ಗಿಟಾರಿನ ಹೊಟ್ಟೆಯಲ್ಲಿ ಜಾಗ ಸಾಲದಿದ್ದರೆ ಸ್ಟ್ರ್ಯಾಪಿಗೆ ಡಬ್ಬಿ ಕಟ್ಟಿ, ಆದರೆ ಸೆಲ್ ಮಾತ್ರ ಹೊರಗೆ ಬರಲಿ, ಆಂಪ್ ಒಳಗೇ ಇರಲಿ. ಪಿಕಪ್ ಸಿಗ್ನಲ್ಲೂ ಡ್ರೈವರ್ ವೈರೂ ಒಂದೇ ಕೇಬಲಿನಲ್ಲಿ ಹೋದರೆ ಕೀರಲು ವಾಪಸ್. ಪವರ್ ಬ್ಯಾಂಕಿಗೆ ಬೂಸ್ಟ್ ಬೋರ್ಡ್ ಹಾಕೋ ಯೋಚನೆ ಬೇಡ, ಅದರ ಸ್ವಿಚ್ಚಿಂಗ್ ಸದ್ದನ್ನು ಬ್ರಿಜ್ ಪಿಕಪ್ ಹೆಕ್ಕಿಕೊಳ್ತದೆ. ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ಸ್ಟೇಜ್ ಆಂಪ್ ಓಡಿಸಿದರೆ ಬರೋ ಗುಂಯ್ ಕೂಡ ಸಸ್ಟೇನರಿಗೆ ಸಿಗ್ನಲ್ಲೇ, ಅಂಥ ದಿನ ಗೇನ್ ಅರ್ಧಕ್ಕೆ ಇಳಿಸಿ.